ಕಾಯಿಸಿ ಬರೆಯುವ ತಟ್ಟೆ

ಅಯಸ್ಕಾಂತವನ್ನು ಕುಲುಮೆಯಲ್ಲಿಟ್ಟು ಚೆನ್ನಾಗಿ ಕಾಯಿಸಿದರೆ ಅದು ಮೊಳೆಯನ್ನೆಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆಂಬುದನ್ನು ನಾವು ಬಲ್ಲೆವು. ಕಬ್ಬಿಣವು ಸುಮಾರು ೭೭೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಹೀಗೆ ಸೋಲುತ್ತದೆ. ೧೮೯೫ರಲ್ಲಿ ಈ ವಿಷಯವನ್ನು ಕೂಲಂಕಷವಾಗಿ ಶೋಧಿಸಿದ ಪಿಯರ್ ಕ್ಯೂರಿಯ ಹೆಸರಿನಿಂದ ಈ ಮಿತಿಗೆ ಕ್ಯೂರಿ ಬಿಂದುವೆಂದು ಹೆಸರಾಗಿದೆ. ಅಯಸ್ಕಾಂತಕ್ಕೆ ಮಾರಕವೆನಿಸುವ ಈ ಗುಣವನ್ನೇ ಆಶ್ರಯಿಸಿ, ಗಣಕಯಂತ್ರದ ದಾಖಲೆಗಳನ್ನು ಬಹುಕಾಲ ಕಾಪಿಡುವ ಸಾಧನವೊಂದನ್ನು ೧೯೮೦ರ ದಶಕದಲ್ಲಿ ಮಾರುಕಟ್ಟೆಗೆ ತಂದರು. ಅದೇ ಮ್ಯಾಗ್ನೆಟೋ-ಆಪ್ಟಿಕಲ್ ತಟ್ಟೆ. ನಾವು ಇದನ್ನು ಕಾಂತ-ದ್ಯುತಿ ತಟ್ಟೆಯೆನ್ನೋಣ.

ಫ್ಲಾಪಿಯ ಬಳಿ ಬಲವಾದ ಅಯಸ್ಕಾಂತವೊಂದು ಸುಳಿದರೆ ಬರೆದುದೆಲ್ಲ ಅಳಿದುಹೋಗುವ ಭಯವಿತ್ತು. ಈ ತಟ್ಟೆಗೆ ಆ ಭಯವಿಲ್ಲ. ಇದರೊಳಗೆ ಟರ್ಬಿಯಂ, ಕಬ್ಬಿಣ, ಕೋಬಾಲ್ಟುಗಳ ಮಿಶ್ರಲೋಹದ ಅತಿ ತೆಳುವಾದ ಪದರವಿದೆ. ಕೋಣೆಯ ಉಷ್ಣತೆಯಲ್ಲಿ ಅದು ಬಲು ಹಟಮಾರಿ; ಹೊರಗಿನ ಅಯಸ್ಕಾಂತ ಎಷ್ಟೆಳೆದರೂ ತನ್ನ ಕಾಂತದಿಕ್ಕನ್ನು ಸುಲಭವಾಗಿ ಬದಲಿಸದು. ಆದರೆ ಲೇಸರ್ ಕಿರಣವನ್ನು ಮೈಕ್ರಾನಿನಷ್ಟು ಸಣ್ಣ ಚುಕ್ಕೆಯಾಗಿ ಅದರ ಮೇಲೆ ಬೀಳಿಸಿದರೆ, ಆ ಚುಕ್ಕೆ ಮಾತ್ರ ಕ್ಷಣಾರ್ಧದಲ್ಲಿ ಸುಮಾರು ೨೦೦ ಡಿಗ್ರಿಗೇರಿ ಮೆತ್ತಗಾಗುತ್ತದೆ. ಲೋಹವಲ್ಲ, ಅದರ ಹಟ! ಆಗ ಸೌಮ್ಯವಾದ ಕಾಂತಕ್ಷೇತ್ರವೂ ಅದನ್ನು ಮೇಲ್ಮುಖವಾಗಿಯೋ ಕೆಳಮುಖವಾಗಿಯೋ ತಿರುಗಿಸಬಲ್ಲದು. ಆರಿದೊಡನೆ ಆ ದಿಕ್ಕು ಸ್ಥಿರವಾಗುತ್ತದೆ. ಒಂದು ದಿಕ್ಕೆಂದರೆ ೧, ಇನ್ನೊಂದೆಂದರೆ ೦. ಆರಂಭದ ಯಂತ್ರಗಳು ಒಂದು ಸುತ್ತಿನಲ್ಲಿ ಹಳೆಯದನ್ನು ಅಳಿಸಿ, ಮರುಸುತ್ತಿನಲ್ಲಿ ಹೊಸದನ್ನು ಬರೆಯಬೇಕಾಗಿದ್ದುದರಿಂದ ಬರವಣಿಗೆ ನಿಧಾನವಾಗಿತ್ತು.

ಬರೆದುದನ್ನು ಓದುವ ಬಗೆ ಇನ್ನೂ ಸೊಗಸು. ಅಯಸ್ಕಾಂತದ ಮೇಲೆ ಬಿದ್ದು ಪ್ರತಿಫಲಿಸಿದ ಧ್ರುವೀಕೃತ ಬೆಳಕಿನ ಕಂಪನತಲವು ತುಸು ತಿರುಗುವುದೆಂದು ಸ್ಕಾಟ್ಲೆಂಡಿನ ಜಾನ್ ಕೆರ್ ೧೮೭೦ರ ದಶಕದಲ್ಲಿಯೇ ಕಂಡುಹಿಡಿದಿದ್ದನು. ತಟ್ಟೆಯಲ್ಲಿ ಈ ತಿರುಗು ಒಂದು ಡಿಗ್ರಿಯೂ ಇಲ್ಲ. ಅದೇ ಲೇಸರನ್ನು ಮಂದವಾಗಿ ಹಾಯಿಸಿ, ಬೆಳಕು ಎತ್ತ ವಾಲಿತೆಂದು ನೋಡಿದರೆ ಸಾಕು.

೧೯೮೮ರಲ್ಲಿ ಸ್ಟೀವ್ ಜಾಬ್ಸ್ ಪ್ರಕಟಿಸಿದ ನೆಕ್ಸ್ಟ್ ಗಣಕದಲ್ಲಿ ೨೫೬ ಮೆಗಾಬೈಟಿನ ಇಂಥ ತಟ್ಟೆಯಿತ್ತು. ಐದೂಕಾಲು ಅಂಗುಲದ ತಟ್ಟೆಗಳು ಕಾಲಕ್ರಮದಲ್ಲಿ ೯.೧ ಗಿಗಾಬೈಟಿನವರೆಗೂ ಬೆಳೆದವು. ೧೯೯೨ರಲ್ಲಿ ಬಂದ ಸೋನಿಯ ಮಿನಿಡಿಸ್ಕಿನಲ್ಲಿ ಸಂಗೀತವನ್ನು ಮುದ್ರಿಸಿಕೊಳ್ಳುತ್ತಿದ್ದುದೂ ಈ ತತ್ತ್ವದಿಂದಲೇ. ಟರ್ಬಿಯಂ ಬೇಗ ತುಕ್ಕು ಹಿಡಿಯುವ ಧಾತು. ಆದಕಾರಣ ಸಿಲಿಕಾನ್ ನೈಟ್ರೈಡಿನಂಥ ಪದರಗಳ ನಡುವೆ ಅದನ್ನು ಭದ್ರವಾಗಿ ಮುಚ್ಚಿಟ್ಟರು. ತಟ್ಟೆ ಹಲವು ದಶಕ ಬಾಳುವುದೆಂದು ತಯಾರಕರು ಭರವಸೆಯಿತ್ತರು. ದಾಖಲೆಗಳನ್ನು ಕಾಯಬೇಕಾದ ಸಂಸ್ಥೆಗಳು ಅದನ್ನು ನೆಚ್ಚಿದುದರಲ್ಲಿ ಆಶ್ಚರ್ಯವಿಲ್ಲ.

ತಟ್ಟೆಯೇನೋ ಬಾಳಿತು; ಅದನ್ನು ಓದುವ ಯಂತ್ರದ ಬಾಳಿಗೆ ಭರವಸೆಯಿತ್ತವರಿರಲಿಲ್ಲ. ಅಗ್ಗದ ಸಿ.ಡಿ.ಗಳೂ ದೊಡ್ಡ ಹಾರ್ಡ್ ಡಿಸ್ಕುಗಳೂ ಬಂದ ಮೇಲೆ ಈ ಯಂತ್ರಗಳು ಮಾರುಕಟ್ಟೆಯಿಂದ ಮರೆಯಾಗತೊಡಗಿದವು. ಬರೆಯಬಲ್ಲ ಮಿನಿಡಿಸ್ಕುಗಳ ತಯಾರಿಕೆಯನ್ನು ಸೋನಿ ೨೦೨೫ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಹಳೆಯ ತಟ್ಟೆಗಳನ್ನಿಟ್ಟುಕೊಂಡವರು ಈಗ ಮಾಡಬೇಕಾದುದು ಇಷ್ಟೇ: ಇನ್ನೂ ತಿರುಗುತ್ತಿರುವ ಯಂತ್ರವೊಂದನ್ನು ಹುಡುಕಿ, ಅದು ಕೆಡುವ ಮೊದಲು ಎಲ್ಲವನ್ನೂ ಬೇರೆಡೆಗೆ ನಕಲು ಮಾಡಿಕೊಳ್ಳುವುದು.