ಬಾಗಿಲು ಹಾಕುವ ದಿನ

1995ರ ಜನವರಿ 17, ಬೆಳಗಿನ ಜಾವ 5 ಗಂಟೆ 46 ನಿಮಿಷ. ಜಪಾನಿನ ಕೋಬೆ ನಗರ ನಡುಗಿತು. ಕೊರೆಯುವ ಚಳಿಯಲ್ಲಿ ಬೀದಿಗೆ ಬಿದ್ದವರು ಹತ್ತಿರದ ಶಾಲೆಗಳಿಗೆ ನುಗ್ಗಿದರು. ಒಂದೇ ವಾರದಲ್ಲಿ ಹ್ಯೋಗೊ ಪ್ರಾಂತ್ಯದ ಆಶ್ರಯ ಕೇಂದ್ರಗಳಲ್ಲಿ 3 ಲಕ್ಷಕ್ಕೂ ಹೆಚ್ಚು ಜನ ಸೇರಿದರು. ತರಗತಿ, ವ್ಯಾಯಾಮಶಾಲೆ, ಪಡಸಾಲೆ, ಎಲ್ಲೆಲ್ಲೂ ಹಾಸಿಗೆ. ಪಾಠ ಹೇಳುತ್ತಿದ್ದ ಮೇಷ್ಟ್ರುಗಳೇ ಊಟ ಹಂಚಬೇಕಾಯಿತು. ನಲ್ಲಿ ಬತ್ತಿದ್ದರಿಂದ ಕೆಲವು ಶಾಲೆಗಳಲ್ಲಿ ಈಜುಕೊಳದ ನೀರನ್ನು ಹೊತ್ತು ತಂದು ಶೌಚಾಲಯಕ್ಕೆ ಸುರಿದರು.

ಶೌಚಾಲಯ ಎಂದರೆ ಮೂಗು ಮುರಿಯುವಂತಿಲ್ಲ. ಆಶ್ರಯ ಕೇಂದ್ರದಲ್ಲಿ ಜೀವ ಉಳಿಯುವುದೂ ಹೋಗುವುದೂ ಬಹುಮಟ್ಟಿಗೆ ಅಲ್ಲಿಯೇ ತೀರ್ಮಾನವಾಗುತ್ತದೆ. ಅದು ಗಲೀಜಾಗಿದ್ದರೆ, ದೂರವಿದ್ದರೆ, ರಾತ್ರಿ ಬೆಳಕಿಲ್ಲದಿದ್ದರೆ ಹೆಂಗಸರೂ ವಯಸ್ಸಾದವರೂ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ನೀರು ಕಡಿಮೆಯಾದ ದೇಹ ಇಕ್ಕಟ್ಟಿನಲ್ಲಿ ಕಾಲು ಮಡಚಿ ಕುಳಿತೇ ಇದ್ದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಏರಬಹುದು. 2004ರ ನಿಗಾತ ಭೂಕಂಪದ ನಂತರ ಕಾರುಗಳಲ್ಲೇ ಮಲಗಿದ್ದ ಕೆಲವರು ಸತ್ತದ್ದು ಹೀಗೆ. 2016ರ ಕುಮಾಮೊಟೊ ಭೂಕಂಪದಲ್ಲಿ ಕಟ್ಟಡ ಕುಸಿತದಂಥ ನೇರ ಕಾರಣಗಳಿಂದ ಸತ್ತವರು 50 ಮಂದಿ. ಆಮೇಲಿನ ಬಳಲಿಕೆ, ಕಾಯಿಲೆ, ಚಿಕಿತ್ಸೆಯ ಅಡಚಣೆಗಳಿಂದ ಸತ್ತವರು 200ಕ್ಕೂ ಹೆಚ್ಚು.

ಆಶ್ರಯ ಕೇಂದ್ರದ ಸೌಕರ್ಯಗಳಿಗೆ ಭಾರತದಲ್ಲಿ ಲೆಕ್ಕವಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ರಾಷ್ಟ್ರೀಯ ಪ್ರಾಧಿಕಾರ ಗೊತ್ತುಮಾಡಿದ ಕನಿಷ್ಠ ಮಟ್ಟದಂತೆ ತಲಾ 3.5 ಚದರ ಮೀಟರ್ ಸೂರು, ದಿನಕ್ಕೆ 3 ಲೀಟರ್ ಕುಡಿಯುವ ನೀರು, 30 ಜನಕ್ಕೊಂದು ಶೌಚಾಲಯ ಇರಬೇಕು. ಕೃಷ್ಣೆ ಉಕ್ಕಿದಾಗ, ಕೊಡಗಿನ ಗುಡ್ಡ ಜಾರಿದಾಗ ತೆರೆಯುವ ನಮ್ಮ ಕಾಳಜಿ ಕೇಂದ್ರಗಳಿಗೂ (ಹಳಬರ ಬಾಯಲ್ಲಿ ಅವು ಇನ್ನೂ ಗಂಜಿ ಕೇಂದ್ರಗಳೇ) ಅಳತೆಗೋಲು ಇದೇ.

ತೆರೆಯುವುದಕ್ಕೆ ಒಂದು ರಾತ್ರಿ ಸಾಕು. ಮುಚ್ಚುವಾಗ ಕಷ್ಟ ಶುರು.

ಕೋಬೆಯ ಶಾಲೆಗಳು ಮಕ್ಕಳಿಗೆ ಬೇಕಿದ್ದವು. ಸರ್ಕಾರ 48,300 ತಾತ್ಕಾಲಿಕ ಮನೆ ಕಟ್ಟಿಸಿತು. ನಗರದೊಳಗೆ ಜಾಗವಿಲ್ಲದೆ ಬಹಳಷ್ಟು ಮನೆಗಳು ಹೊರವಲಯದಲ್ಲಿ ಎದ್ದವು. ವೃದ್ಧರಿಗೆ, ಅಂಗವಿಕಲರಿಗೆ ಮೊದಲ ಆದ್ಯತೆ, ಉಳಿದಂತೆ ಲಾಟರಿ. ಕೇಳಲು ಇದಕ್ಕಿಂತ ನ್ಯಾಯವಾದದ್ದು ಏನಿದೆ? ಆದರೆ ಚೀಟಿ ಎತ್ತುವವರಿಗೆ ಯಾರ ಪಕ್ಕದ ಮನೆ ಯಾರದ್ದೆಂದು ಗೊತ್ತಿರಲಿಲ್ಲ. ನಲವತ್ತು ವರ್ಷ ಒಂದೇ ಓಣಿಯಲ್ಲಿದ್ದವರು ದಿಕ್ಕಿಗೊಬ್ಬರಾದರು. ಆಗಸ್ಟ್ 20ರಂದು ಕೇಂದ್ರಗಳು ಅಧಿಕೃತವಾಗಿ ಮುಚ್ಚಿದವು. ಹೋಗಲು ಮನೆಯಿಲ್ಲದೆ ಉಳಿದವರನ್ನು ‘ಕಾಯುವ ತಾಣ’ಗಳಿಗೆ ಸೇರಿಸಿದರು. ಮುಂದಿನ ವರ್ಷಗಳಲ್ಲಿ ಆ ತಾತ್ಕಾಲಿಕ ಮನೆಗಳಲ್ಲಿ 200ಕ್ಕೂ ಹೆಚ್ಚು ಮಂದಿ ಯಾರೂ ಹತ್ತಿರವಿಲ್ಲದೆ ಒಂಟಿಯಾಗಿ ಸತ್ತರು.

ನಿಗಾತದ ಯಮಕೋಶಿ ಎಂಬ ಬೆಟ್ಟದ ಹಳ್ಳಿಯಲ್ಲಿ ಈ ಪಾಠ ಉಪಯೋಗಕ್ಕೆ ಬಂತು. 2004ರ ಅಕ್ಟೋಬರ್‌ನಲ್ಲಿ ರಸ್ತೆಗಳೆಲ್ಲ ಕುಸಿದು, ಅಲ್ಲಿನ ಸುಮಾರು 2,200 ಜನರನ್ನು ಹೆಲಿಕಾಪ್ಟರ್‌ನಲ್ಲಿ ಇಳಿಸಬೇಕಾಯಿತು. ಬಂದವರು ಬಂದ ಸರದಿಯಲ್ಲೇ ಸಿಕ್ಕ ಕೇಂದ್ರ ಸೇರಿ ಕಲಸಿಹೋಗಿದ್ದರು. ಆಮೇಲೆ ಎಲ್ಲರನ್ನೂ ಮತ್ತೆ ಎಬ್ಬಿಸಿ, ಒಂದೊಂದು ಕೇರಿಯವರು ಒಂದೇ ಕಡೆ ಇರುವಂತೆ ಹಂಚಿದರು. ತಾತ್ಕಾಲಿಕ ಮನೆಗಳನ್ನು ಕೊಟ್ಟದ್ದೂ ಕೇರಿವಾರು. ದಣಿದ ಜನರನ್ನು ಇನ್ನೊಮ್ಮೆ ಗಂಟುಮೂಟೆ ಕಟ್ಟಿಸುವುದು ಆ ಹೊತ್ತಿಗೆ ಕ್ರೂರವೆನ್ನಿಸಿದ್ದರೂ ಅಚ್ಚರಿಯಿಲ್ಲ. ಆದರೆ ಮುಚ್ಚುವ ಕೆಲಸದ ಅರ್ಧ ಅಲ್ಲಿಯೇ ಮುಗಿದಿತ್ತು.

2018ರ ಆಗಸ್ಟ್‌ನಲ್ಲಿ ನೆರೆ ಬಂದಾಗ ಕೇರಳದ ಪರಿಹಾರ ಶಿಬಿರಗಳಲ್ಲಿ 10 ಲಕ್ಷಕ್ಕೂ ಹೆಚ್ಚು ಜನರಿದ್ದರು. ಓಣಂ ರಜೆ ಮುಗಿದು 29ಕ್ಕೆ ಶಾಲೆ ತೆರೆಯಬೇಕಿತ್ತು. ಎದ್ದು ಹೋಗಿ ಎಂದರೆ ಸಾಲದು. ಮನೆಯೊಳಗೆ ಮೊಳಕಾಲುದ್ದ ಕೆಸರು, ಅಲ್ಲಲ್ಲಿ ಹಾವು. ಸ್ವಯಂಸೇವಕರು ತಂಡಕಟ್ಟಿ ಮನೆ ತೊಳೆದರು, ಬಾವಿಗಳಿಗೆ ಕ್ಲೋರಿನ್ ಹಾಕಿದರು, ಎಲೆಕ್ಟ್ರಿಷಿಯನ್‌ಗಳು ವೈರಿಂಗ್ ಪರೀಕ್ಷಿಸಿದರು. ಇಲಿಜ್ವರ ತಡೆಯಲು ಮಾತ್ರೆ ಹಂಚಿದರು. ಹೊರಡುವ ಕುಟುಂಬಕ್ಕೆ ದಿನಸಿ ಕಿಟ್, ಜೊತೆಗೆ 10,000 ರೂಪಾಯಿ ನೆರವು ಘೋಷಣೆಯಾಯಿತು. ಮನೆಯೇ ಉಳಿಯದವರನ್ನು ಶಾಲೆಯಿಂದ ಬೇರೆ ಕಟ್ಟಡಗಳಿಗೆ ಸಾಗಿಸಲಾಯಿತು. ಮುಚ್ಚುವುದೆಂದರೆ ಕೀಲಿ ಜಡಿಯುವುದಷ್ಟೇ ಅಲ್ಲ. ಒಂದೊಂದು ಕುಟುಂಬಕ್ಕೂ ಬೇರೆ ಬೇರೆ ಉತ್ತರ ಹುಡುಕಬೇಕು.

ಆ ಉತ್ತರ ಕೆಲವೊಮ್ಮೆ ಸಿಗುವುದೇ ಇಲ್ಲ. 2011ರ ಸುನಾಮಿಯ ಬೆನ್ನಿಗೆ ಫುಕುಶಿಮಾ ಅಣುಸ್ಥಾವರ ಸಿಡಿದಾಗ ಪಕ್ಕದ ಫುಟಾಬಾ ಊರು ಪುರಸಭೆ ಕಚೇರಿಯ ಸಮೇತ ಗುಳೆ ಹೋಯಿತು. ಸಾವಿರಕ್ಕೂ ಹೆಚ್ಚು ಜನ ಟೋಕಿಯೊ ಬಳಿಯ ಕಾಜೊದಲ್ಲಿ ಮುಚ್ಚಿದ್ದ ಒಂದು ಪ್ರೌಢಶಾಲೆಯ ತರಗತಿಗಳಲ್ಲಿ ನೆಲೆಸಿದರು. ಅಲ್ಲಿ ನೆರೆ ಇಳಿಯುವುದನ್ನು ಕಾಯುವಂತೆ ಕಾಯಲು ಏನೂ ಇರಲಿಲ್ಲ. ಊರಿನ ಮಣ್ಣೇ ವಿಕಿರಣದಿಂದ ಕೆಟ್ಟಿತ್ತು. ಒಬ್ಬೊಬ್ಬರಾಗಿ ಬಾಡಿಗೆ ಮನೆ ಹಿಡಿದು ಹೋದರು. ಕಡೆಯವರು ಹೊರಟದ್ದು 2013ರ ಡಿಸೆಂಬರ್‌ನಲ್ಲಿ. ಫುಟಾಬಾದ ಒಂದು ಭಾಗಕ್ಕೆ ಮರಳಿ ವಾಸಕ್ಕೆ ಅನುಮತಿ ಸಿಕ್ಕಿದ್ದು 2022ರ ಆಗಸ್ಟ್‌ನಲ್ಲಿ.