ಕಾಳಿ ಕಣಿವೆಯಲ್ಲಿ ಸೈಕಲ್ ಪ್ರವಾಸ: ಮಾರ್ಗ, ಕಾಲ ಮತ್ತು ಮಿತಿ

ಜೋಯಿಡಾ ತಾಲ್ಲೂಕಿನ ಡಿಗ್ಗಿಯಲ್ಲಿ ಹುಟ್ಟುವ ಕಾಳಿ ನದಿಯು ಸುಮಾರು 184 ಕಿ.ಮೀ. ಹರಿದು, ಕಾರವಾರದ ಸದಾಶಿವಗಡದ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಹುಟ್ಟಿನಿಂದ ಸಂಗಮದವರೆಗೆ ಉತ್ತರ ಕನ್ನಡ ಜಿಲ್ಲೆಯೊಂದರಲ್ಲಿಯೇ ಹರಿಯುವುದು ಈ ನದಿಯ ವಿಶೇಷ. ನದಿಯ ಕಣಿವೆಗೆ ಹೊಂದಿಕೊಂಡ ರಸ್ತೆಗಳಲ್ಲಿ ಮಳೆಗಾಲ ಮುಗಿದ ಮೇಲೆ ಸೈಕಲ್ ಸವಾರರನ್ನು ಕಾಣಬಹುದು. ಅವರಲ್ಲಿ ಹೆಚ್ಚಿನವರು ಹೊರ ಊರಿನವರು. ಸಾಮಾನು ಕಟ್ಟಿಕೊಂಡು ಎರಡು ಮೂರು ದಿನಗಳ ಪ್ರಯಾಣಕ್ಕೆ ಹೊರಟವರು.

ಈ ರಸ್ತೆಗಳು ಕಾಳಿ ಹುಲಿ ಸಂರಕ್ಷಿತ ಪ್ರದೇಶವನ್ನು ಹಾದುಹೋಗುತ್ತವೆ. 1956ರಲ್ಲಿ ಘೋಷಿತವಾದ ದಾಂಡೇಲಿ ವನ್ಯಜೀವಿಧಾಮ ಮತ್ತು 1987ರಲ್ಲಿ ಘೋಷಿತವಾದ ಅಣಶಿ ರಾಷ್ಟ್ರೀಯ ಉದ್ಯಾನವನ್ನು ಕೂಡಿಸಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವನ್ನು ರಚಿಸಲಾಯಿತು. 2015ರಲ್ಲಿ ಅದಕ್ಕೆ ನದಿಯ ಹೆಸರನ್ನೇ ಇಡಲಾಯಿತು. ಆದುದರಿಂದ ಇಲ್ಲಿ ದಿನದ ಪ್ರಯಾಣವನ್ನು ಸವಾರನ ಕಾಲಿನ ಬಲವನ್ನಷ್ಟೇ ನೋಡಿ ನಿಗದಿಪಡಿಸುವಂತಿಲ್ಲ. ಸೂರ್ಯಾಸ್ತಕ್ಕೆ ಮುನ್ನ ಕಾಡನ್ನು ದಾಟಿ ಊರು ಸೇರುವುದೇ ಮೊದಲ ಲೆಕ್ಕ. ಪ್ರವಾಸಿಗರು, ಅವರಿಗೆ ವಸತಿ ನೀಡುವ ಗ್ರಾಮಸ್ಥರು ಹಾಗೂ ಗ್ರಾಮ ಪಂಚಾಯತ್‌ಗಳು ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ರಸ್ತೆಯ ಹಕ್ಕು ಎಲ್ಲಿಯವರೆಗೆ?

ವನ್ಯಜೀವಿ ಸಂರಕ್ಷಣಾ ಅಧಿನಿಯಮ, 1972ರ 27ನೇ ಕಲಮು ವನ್ಯಜೀವಿಧಾಮದೊಳಗೆ ಪ್ರವೇಶವನ್ನು ನಿರ್ಬಂಧಿಸುತ್ತದೆ. ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರಿಗೆ ಅದೇ ಕಲಮಿನಲ್ಲಿ ವಿನಾಯಿತಿ ಇದೆ. ಈ ವಿನಾಯಿತಿಯು ಹಾದುಹೋಗುವುದಕ್ಕೆ ಮಾತ್ರ ಸಂಬಂಧಿಸಿದ್ದು. ಡಾಂಬರು ರಸ್ತೆಯಿಂದ ಕವಲೊಡೆಯುವ ಅರಣ್ಯ ಇಲಾಖೆಯ ಜೀಪು ದಾರಿ, ಬೆಂಕಿ ಗೆರೆ ಅಥವಾ ಕಾಲುದಾರಿಗೆ ಸೈಕಲನ್ನು ತಿರುಗಿಸಿದ ಕ್ಷಣದಿಂದ ಸವಾರನು ಅನುಮತಿಯಿಲ್ಲದೆ ಪ್ರವೇಶಿಸಿದವನಾಗುತ್ತಾನೆ. ಪ್ರವಾಸ, ಅಧ್ಯಯನ ಮತ್ತು ಛಾಯಾಗ್ರಹಣಕ್ಕಾಗಿ ಒಳಗೆ ಹೋಗಬಯಸುವವರು 28ನೇ ಕಲಮಿನಂತೆ ಅರಣ್ಯ ಇಲಾಖೆಯಿಂದ ಪರವಾನಗಿ ಪಡೆಯಬೇಕು. ವನ್ಯಪ್ರಾಣಿಗಳನ್ನು ಕೆಣಕುವುದು, ಕಸ ಎಸೆಯುವುದು ಮತ್ತು ಬೆಂಕಿ ಹಚ್ಚುವುದು ಸಹ ಕಾನೂನಿನಂತೆ ನಿಷಿದ್ಧ. ರಸ್ತೆಯ ಅಂಚಿನಲ್ಲಿ ಡೇರೆ ಹಾಕಿ ಅಡುಗೆ ಮಾಡುವ ಅಭ್ಯಾಸವಿರುವ ಸವಾರರು ಇದನ್ನು ವಿಶೇಷವಾಗಿ ಗಮನಿಸಬೇಕು.

ಮಾರ್ಗ

ರೈಲಿನಲ್ಲಿ ಬರುವವರಿಗೆ ಹುಬ್ಬಳ್ಳಿ–ಲೋಂಡಾ ಮಾರ್ಗದ ಅಳ್ನಾವರ ನಿಲ್ದಾಣವು ಅನುಕೂಲಕರ. ಕೊನೆಯಲ್ಲಿ ಕಾರವಾರದಿಂದ ಕೊಂಕಣ ರೈಲ್ವೆಯ ಮೂಲಕ ಮರಳಬಹುದು. ಇಡೀ ಪ್ರಯಾಣವನ್ನು ಮೂರು ಹಂತಗಳಾಗಿ ವಿಂಗಡಿಸಿಕೊಳ್ಳುವುದು ಸೂಕ್ತ.

ಮೊದಲ ಹಂತ ಅಳ್ನಾವರದಿಂದ ಹಳಿಯಾಳದ ಮೂಲಕ ದಾಂಡೇಲಿ. ಸುಮಾರು 35 ಕಿ.ಮೀ. ದೂರದ ಈ ದಾರಿ ಕಠಿಣವಲ್ಲ. ಗದ್ದೆಬಯಲು ಮುಗಿದು ತೇಗ ಮತ್ತು ಬಿದಿರಿನ ಕಾಡು ಆರಂಭವಾಗುತ್ತದೆ.

ಎರಡನೆಯ ಹಂತ ದಾಂಡೇಲಿಯಿಂದ ಗಣೇಶಗುಡಿಯ ಮೂಲಕ ಜೋಯಿಡಾ. ದೂರ ಕಡಿಮೆಯಾದರೂ ಏರಿಳಿತ ಹೆಚ್ಚು. ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟೆ ಇದೆ. ಕಾಳಿ ಮತ್ತು ಪಾಂಢರಿ ನದಿಗಳು ಕೂಡುತ್ತಿದ್ದ ಸ್ಥಳದಲ್ಲಿದ್ದ ಸೂಪಾ ಊರು ಈ ಜಲಾಶಯದಲ್ಲಿ ಮುಳುಗಿದ ಕಾರಣ ತಾಲ್ಲೂಕಿನ ಕೇಂದ್ರವು ಜೋಯಿಡಾಕ್ಕೆ ಸ್ಥಳಾಂತರವಾಯಿತು. ಜಲಾಶಯದ ಅಂಚಿನಲ್ಲಿ ಸಾಗುವವರು ಒಂದು ಪೇಟೆಯ ನೆಲವೇ ನೀರಿನಡಿಯಲ್ಲಿದೆ ಎಂಬುದನ್ನು ಅರಿತಿದ್ದರೆ ಈ ದಾರಿಯ ಅರ್ಥ ಬೇರೆಯಾಗುತ್ತದೆ.

ಮೂರನೆಯ ಹಂತ ಜೋಯಿಡಾದಿಂದ ಕುಂಬಾರವಾಡ, ಅಣಶಿ, ಕದ್ರಾ ಮಾರ್ಗವಾಗಿ ಕಾರವಾರ. ಅತ್ಯಂತ ಉದ್ದದ ಹಾಗೂ ಅತ್ಯಂತ ಎಚ್ಚರಿಕೆ ಬೇಡುವ ಹಂತ ಇದು. ಎಲೆ ಉದುರುವ ಕಾಡು ಹಿಂದೆ ಸರಿದು ನಿತ್ಯಹರಿದ್ವರ್ಣದ ಕಾಡು ಕವಿಯುತ್ತದೆ. ಅಣಶಿಯ ನಂತರ ಘಟ್ಟದ ರಸ್ತೆಯು ತಿರುವುಗಳಲ್ಲಿ ಕೆಳಗಿಳಿದು ಕದ್ರಾ ಜಲಾಶಯದ ಕಡೆಗೆ ಬರುತ್ತದೆ. ಹೊರೆ ಕಟ್ಟಿದ ಸೈಕಲ್ಲಿನಲ್ಲಿ ಬ್ರೇಕನ್ನು ಒಂದೇ ಸಮನೆ ಹಿಡಿದಿದ್ದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಹಿಡಿದು ಬಿಡುತ್ತ, ಅಗಲವಾದ ಸ್ಥಳಗಳಲ್ಲಿ ನಿಂತು ಆರಿಸಿಕೊಳ್ಳುತ್ತ ಇಳಿಯಬೇಕು. ಘಟ್ಟ ಇಳಿಯುವ ಮುನ್ನ ಬ್ರೇಕಿನ ರಬ್ಬರು ಮತ್ತು ತಂತಿಗಳನ್ನು ಪರೀಕ್ಷಿಸುವುದು ಕಡ್ಡಾಯವೆಂದೇ ಭಾವಿಸಬೇಕು. ಕಾರವಾರದಿಂದ ಮೇಲೇರಿ ಬರುವವರು ಬಿಸಿಲೇರುವ ಮೊದಲೇ ಘಟ್ಟದ ಬುಡವನ್ನು ತಲುಪಿರಬೇಕು.

ಇನ್ನೊಂದು ದಿನ ಕೈಯಲ್ಲಿರುವವರು ಉಳವಿಗೆ ಹೋಗಿಬರಬಹುದು. ಹನ್ನೆರಡನೆಯ ಶತಮಾನದ ಶರಣ ಚನ್ನಬಸವಣ್ಣನವರ ಸಮಾಧಿ ಇರುವ ಈ ಕ್ಷೇತ್ರಕ್ಕೆ ಜಾತ್ರೆಯ ಕಾಲದಲ್ಲಿ ಧಾರವಾಡ, ಬೆಳಗಾವಿ ಕಡೆಯ ರೈತರು ಚಕ್ಕಡಿ ಕಟ್ಟಿಕೊಂಡು ಇದೇ ಕಾಡಿನ ದಾರಿಯಲ್ಲಿ ಬರುತ್ತಾರೆ. ಆ ದಿನಗಳಲ್ಲಿ ರಸ್ತೆಯಲ್ಲಿ ಎತ್ತುಗಳೂ ಪಾದಚಾರಿಗಳೂ ತುಂಬಿರುವುದರಿಂದ ಸವಾರರು ವೇಗ ತಗ್ಗಿಸಿ, ಎತ್ತುಗಳು ಬೆದರದಂತೆ ದೂರವಿಟ್ಟು ಸಾಗಬೇಕು.

ಕಾಲ ಮತ್ತು ವೇಳೆ

ಅಕ್ಟೋಬರ್ ಕೊನೆಯಿಂದ ಫೆಬ್ರವರಿಯವರೆಗೆ ಪ್ರವಾಸಕ್ಕೆ ಯೋಗ್ಯ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದಲ್ಲಿ ಗುಡ್ಡ ಕುಸಿತದ ಭಯವಿದ್ದು, ಪ್ರಯಾಣವನ್ನು ಕೈಬಿಡುವುದೇ ಲೇಸು. ಮಾರ್ಚ್ ನಂತರ ಬಿಸಿಲು, ನೀರಿನ ಅಭಾವ ಮತ್ತು ಕಾಡ್ಗಿಚ್ಚಿನ ಆತಂಕ ಸೇರಿಕೊಳ್ಳುತ್ತವೆ.

ಡಿಸೆಂಬರ್‌ನಲ್ಲಿ ಇಲ್ಲಿ ಸಂಜೆ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ; ದಟ್ಟ ಕಾಡಿನ ರಸ್ತೆಯಲ್ಲಿ ಅದಕ್ಕೂ ಮೊದಲೇ ಕತ್ತಲಾಗುತ್ತದೆ. ಹೊರೆಯೊಂದಿಗೆ ಏರುದಾರಿಯಲ್ಲಿ ಗಂಟೆಗೆ 10 ಕಿ.ಮೀ. ಸಾಗುವವನಿಗೆ ಒಂದು ಪಂಕ್ಚರ್ ಅಥವಾ ತುಂಡಾದ ಚೈನು ಒಂದು ಗಂಟೆಯನ್ನು ಕಸಿಯಬಲ್ಲದು. ಆದುದರಿಂದ ಸೂರ್ಯಾಸ್ತಕ್ಕೆ ಎರಡು ಗಂಟೆ ಮೊದಲೇ ತಂಗುವ ಊರನ್ನು ತಲುಪುವಂತೆ ಲೆಕ್ಕ ಹಾಕಬೇಕು. ಅದು ಸಾಧ್ಯವಿಲ್ಲವೆಂದು ಮಧ್ಯಾಹ್ನವೇ ತೋರಿದರೆ, ಹಿಂದಿನ ಊರಿಗೆ ಮರಳುವುದು ಅಥವಾ ಸೈಕಲನ್ನು ವಾಹನದಲ್ಲಿ ಏರಿಸಿಕೊಂಡು ಹೋಗುವುದು ವಿವೇಕ.

ಸದ್ದಿಲ್ಲದ ವಾಹನ

ಲಾರಿ, ಬಸ್ಸುಗಳ ಸದ್ದನ್ನು ಪ್ರಾಣಿಗಳು ದೂರದಿಂದಲೇ ಕೇಳಿ ಸರಿದು ನಿಲ್ಲಬಲ್ಲವು. ಸೈಕಲ್ಲಿಗೆ ಸದ್ದಿಲ್ಲ. ಇಳಿಜಾರಿನಲ್ಲಿ ವೇಗವಾಗಿ ಬರುವ ಸವಾರನು ತಿರುವಿನಲ್ಲಿ ಕಾಡುಕೋಣ, ಕರಡಿ ಅಥವಾ ಆನೆಗೆ ತೀರ ಹತ್ತಿರವಾಗುವವರೆಗೂ ಎರಡೂ ಕಡೆಗೆ ಅರಿವಾಗದು. ಬೆದರಿದ ಪ್ರಾಣಿಯು ಓಡುವ ಬದಲು ಮೇಲೆರಗುವ ಸಂಭವ ಇರುವುದು ಇಂತಹ ಸಂದರ್ಭದಲ್ಲಿಯೇ. ಎದುರು ಕಾಣದ ತಿರುವುಗಳಲ್ಲಿ ವೇಗ ತಗ್ಗಿಸಿ ಗಂಟೆ ಬಾರಿಸುವುದು, ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳದಿರುವುದು, ಇಬ್ಬರು ಮೂವರು ಒಟ್ಟಿಗೆ ಸಾಗುವುದು ಇದಕ್ಕಾಗಿಯೇ.

ಭತ್ತ ಮಾಗುವ ಕಾಲದಲ್ಲಿ ಆನೆಗಳು ಹಳಿಯಾಳದ ಕಡೆಯ ಗದ್ದೆಗಳಿಗೆ ಬರುವುದುಂಟು. ಸೈಕಲ್ ಪ್ರವಾಸದ ಕಾಲವೂ ಅದೇ. ರಸ್ತೆಯಲ್ಲಿ ಆನೆ ಕಂಡರೆ ದೂರದಲ್ಲಿಯೇ ನಿಂತು, ಸದ್ದು ಮಾಡದೆ ಹಿಂದೆ ಸರಿದು, ಅದು ದಾಟುವವರೆಗೆ ಕಾಯಬೇಕು. ಫೋಟೋ ತೆಗೆಯಲು ಮುಂದೆ ಹೋಗಬಾರದು.

ಈ ಕಾಡು ಮಂಗಟ್ಟೆ ಹಕ್ಕಿಗಳಿಗೆ ಹೆಸರಾದುದು. ಗೂಡಿನ ಕಾಲದಲ್ಲಿ ಹೆಣ್ಣು ಹಕ್ಕಿಯು ಮರದ ಪೊಟರೆಯೊಳಗೆ ಸೇರಿ, ಸಣ್ಣ ಸೀಳನ್ನಷ್ಟೇ ಉಳಿಸಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಗಂಡು ಹೊರಗಿನಿಂದ ಹಣ್ಣು ತಂದು ತಿನ್ನಿಸುತ್ತದೆ. ಗೂಡಿನ ಮರದ ಕೆಳಗೆ ಜನ ಸೇರಿದರೆ ಗಂಡು ಹತ್ತಿರ ಬರಲು ಹೆದರುತ್ತದೆ, ಒಳಗಿರುವ ಹಕ್ಕಿ ಹಸಿಯುತ್ತದೆ. ಗೂಡಿನ ಮರವನ್ನು ತಿಳಿದ ಗ್ರಾಮಸ್ಥರು ಅದನ್ನು ತೋರಿಸದಿರುವುದೇ ಉಪಕಾರ.

ನದಿ ಮತ್ತು ಆರೋಗ್ಯ

ಕಾಳಿಯು ವಿದ್ಯುತ್ ಉತ್ಪಾದನೆಯ ನದಿ. ಅಣೆಕಟ್ಟೆಗಳಿಂದ ನೀರು ಬಿಟ್ಟಾಗ, ಮಳೆ ಇಲ್ಲದ ದಿನದಲ್ಲಿಯೂ ಕೆಳಭಾಗದ ಹರಿವು ಹಠಾತ್ತಾಗಿ ಏರುತ್ತದೆ. ದಾಂಡೇಲಿಯ ಸುತ್ತಲಿನ ನದಿಯಲ್ಲಿ ಮೊಸಳೆಗಳೂ ಇವೆ. ಮೈ ತೊಳೆಯಲು ಅಥವಾ ಈಜಲು ನದಿಗೆ ಇಳಿಯಬಾರದು.

ಉತ್ತರ ಕನ್ನಡವು ಮಂಗನ ಕಾಯಿಲೆ ಕಾಣಿಸಿಕೊಂಡಿರುವ ಜಿಲ್ಲೆ. ಬೇಸಿಗೆಯವರೆಗಿನ ಒಣ ತಿಂಗಳುಗಳಲ್ಲಿ ಉಣ್ಣೆಗಳ ಮೂಲಕ ಇದು ಹರಡುತ್ತದೆ. ದರಗೆಲೆಗಳ ಮೇಲೆ ಕೂಡದಿರುವುದು, ಮೈ ಮುಚ್ಚುವ ಬಟ್ಟೆ ಧರಿಸುವುದು, ಸಂಜೆ ಮೈಯನ್ನು ಪರೀಕ್ಷಿಸಿ ಬಿಸಿನೀರಿನಲ್ಲಿ ಸ್ನಾನ ಮಾಡುವುದು ಅಗತ್ಯ. ಮಂಗ ಸತ್ತಿರುವುದು ಕಂಡರೆ ಮುಟ್ಟದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಪ್ರವಾಸ ಮುಗಿಸಿ ಊರಿಗೆ ಹೋದ ಮೇಲೆ ಜ್ವರ ಬಂದರೆ, ಕಾಡಿನಲ್ಲಿ ಸಂಚರಿಸಿದ್ದನ್ನು ವೈದ್ಯರಿಗೆ ಹೇಳಲು ಮರೆಯಬಾರದು.

ಗ್ರಾಮಗಳ ಪಾತ್ರ

ಸೈಕಲ್ ಸವಾರನು ಕಾರಿನ ಪ್ರವಾಸಿಯಂತೆ ಒಂದೇ ಓಟಕ್ಕೆ ಕಣಿವೆಯನ್ನು ದಾಟಿಹೋಗುವವನಲ್ಲ. ಅವನಿಗೆ ದಾರಿಯಲ್ಲಿ ನೀರು, ಊಟ, ರಾತ್ರಿಗೆ ಸೂರು ಬೇಕು. ಅವನು ಕೊಡುವ ಹಣ ಊರಿನಲ್ಲಿಯೇ ಉಳಿಯುತ್ತದೆ. ಜೋಯಿಡಾದ ಗೆಡ್ಡೆ–ಗೆಣಸುಗಳು ಹೆಸರುವಾಸಿ. ಹೋಂಸ್ಟೇ ನಡೆಸುವವರು ಪೇಟೆಯ ತಿಂಡಿಯ ಬದಲು ಇವನ್ನೇ ಬಡಿಸಿದರೆ ಬೆಳೆದವರಿಗೂ ಲಾಭ. ವಿದೇಶಿಯರು ತಂಗಿದಲ್ಲಿ ನಿಗದಿತ ನಮೂನೆಯಲ್ಲಿ 24 ಗಂಟೆಗಳೊಳಗೆ ಮಾಹಿತಿ ಸಲ್ಲಿಸುವುದು ಹೋಂಸ್ಟೇ ನಡೆಸುವವರ ಹೊಣೆ.

ಗ್ರಾಮ ಪಂಚಾಯತ್‌ಗಳು ಹೆಚ್ಚು ವೆಚ್ಚವಿಲ್ಲದೆ ಮಾಡಬಹುದಾದ ಕೆಲಸಗಳಿವೆ. ಬಸ್ ತಂಗುದಾಣದ ಬಳಿ ಕುಡಿಯುವ ನೀರಿನ ನಲ್ಲಿ, ಮುಂದಿನ ಊರಿಗೆ ಇರುವ ದೂರ ಹಾಗೂ ‘ಇಷ್ಟು ಗಂಟೆಯ ನಂತರ ಮುಂದೆ ಹೋಗಬೇಡಿ’ ಎಂಬ ಫಲಕ, ಪಂಕ್ಚರ್ ಹಾಕುವವರು ಮತ್ತು ವಸತಿ ನೀಡುವವರ ಪಟ್ಟಿ — ಇಷ್ಟು ಇದ್ದರೆ ಅಪರಿಚಿತನೊಬ್ಬ ಕತ್ತಲಿನಲ್ಲಿ ಕಾಡು ಸೇರುವುದು ತಪ್ಪುತ್ತದೆ. ಹಲವೆಡೆ ಮೊಬೈಲ್ ಸಂಪರ್ಕ ಸಿಗದ ಕಾರಣ, ಸವಾರರು ಹೊರಡುವಾಗ ತಂಗಿದ ಮನೆಯವರಿಗೆ ತಮ್ಮ ಮುಂದಿನ ಊರನ್ನು ತಿಳಿಸಿ ಹೋಗಬೇಕು. ಅಪಘಾತವಾದಲ್ಲಿ 108, ಇತರ ತುರ್ತು ಸಂದರ್ಭಗಳಲ್ಲಿ 112 ಸಂಖ್ಯೆಗೆ ಕರೆ ಮಾಡಬಹುದು.

ಸಂಜೆ ನಾಲ್ಕರ ಮೇಲೆ ಊರಿಗೆ ಬಂದು, ಮುಂದೆ ಕಾಡಿನ ದಾರಿಗೆ ಹೊರಟು ನಿಂತ ಸವಾರನನ್ನು ತಡೆದು ಉಳಿಸಿಕೊಳ್ಳುವುದು ಅತಿಥಿ ಸತ್ಕಾರ ಮಾತ್ರವಲ್ಲ, ಅವನ ಮತ್ತು ಕಾಡಿನ ರಕ್ಷಣೆಯೂ ಹೌದು.