ನಿಮಗಿದು ಗೊತ್ತೇ? ಕಳೆ ಕೀಳಲು ಸರ್ಕಾರ ಕೊಟ್ಟ ಕಾಸು

ಆಸ್ಟ್ರೇಲಿಯಾದಲ್ಲಿ ಒಂದು ಕಾಲಕ್ಕೆ ಪಾಪಾಸುಕಳ್ಳಿ ಆಕ್ರಮಿಸಿದ್ದ ನೆಲ ಸುಮಾರು 2.4 ಕೋಟಿ ಹೆಕ್ಟೇರ್. ಇಡೀ ಕರ್ನಾಟಕದ ವಿಸ್ತೀರ್ಣಕ್ಕಿಂತ ಹೆಚ್ಚು! 1920ರಲ್ಲಿ ಅಲ್ಲಿನ ಒಕ್ಕೂಟ ಸರ್ಕಾರ, ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ಕೂಡಿ ಹಣ ಹಾಕಿ ಒಂದು ಮಂಡಳಿ ಮಾಡಿದವು. ಮಂಡಳಿಯು ಅರ್ಜೆಂಟೀನಾದಿಂದ ಕ್ಯಾಕ್ಟೊಬ್ಲಾಸ್ಟಿಸ್ ಎಂಬ ಪತಂಗದ ಮೊಟ್ಟೆ ತರಿಸಿ, 1926ರಲ್ಲಿ ಕಳ್ಳಿಗೆ ಬಿಟ್ಟಿತು. ಆರೇಳು ವರ್ಷದಲ್ಲಿ ಕಳ್ಳಿಕಾಡು ಕೊಳೆತು ಬಿತ್ತು. ಬಿಟ್ಟುಹೋಗಿದ್ದ ರೈತರು ಹೊಲಕ್ಕೆ ಮರಳಿದರು. ಬೂನಾರ್ಗ ಎಂಬ ಊರಿನವರು 1936ರಲ್ಲಿ ಆ ಪತಂಗದ ನೆನಪಿಗೆ ಸಭಾಭವನವನ್ನೇ ಕಟ್ಟಿದರು.

ನಮ್ಮ ಬೆಂಗಳೂರಿಗೂ ಇಂಥದೇ ಹಿರಿಮೆ ಇದೆ, ಗೊತ್ತೇ? ಕೇರಳದ ಹಿನ್ನೀರು, ಗದ್ದೆಗಳನ್ನೆಲ್ಲ ಮುಚ್ಚಿದ್ದ ಸಾಲ್ವೀನಿಯಾ ಕಳೆಯನ್ನು (ಅಲ್ಲಿಯವರ ಬಾಯಲ್ಲಿ ‘ಆಫ್ರಿಕನ್ ಪಾಯಲ್’) ತಿನ್ನುವ ಪುಟಾಣಿ ಮೂತಿಹುಳುವನ್ನು 1980ರ ದಶಕದಲ್ಲಿ ಮೊದಲು ಬಿಟ್ಟು ನೋಡಿದ್ದು ಬೆಂಗಳೂರಿನ ಒಂದು ನೈದಿಲೆ ಕೊಳದಲ್ಲಿ. ವರ್ಷ ತುಂಬುವುದರೊಳಗೆ ಕೊಳ ತಿಳಿಯಾಯಿತು. ಆಮೇಲೆ ಕೇರಳಕ್ಕೆ ಹೋದ ಹುಳು ಅಲ್ಲಿನ ಗದ್ದೆಗಳಲ್ಲಿ ಕಳೆ ತೆಗೆಯಲು ಹೆಕ್ಟೇರಿಗೆ ತಗಲುತ್ತಿದ್ದ 235 ರೂಪಾಯಿ ಕೂಲಿಯನ್ನು ಉಳಿಸಿತು. ಕೂಲಿ ಬಾಬ್ತಿನಲ್ಲೇ ವರ್ಷಕ್ಕೆ ಸುಮಾರು 68 ಲಕ್ಷ ರೂಪಾಯಿ ಉಳಿತಾಯ! ಸಂಶೋಧನೆಗೆ ಕೊಟ್ಟ ಕಾಸು ಹೀಗೆ ದುಡಿದದ್ದನ್ನು ಶಾಲೆಯ ಮಕ್ಕಳಿಗೂ ಹೇಳಬೇಕು.

ಪಾರ್ಥೇನಿಯಂ, ಅಂದರೆ ನಮ್ಮ ‘ಕಾಂಗ್ರೆಸ್ ಗಿಡ’ವನ್ನು ಮೇಯುವ ಮೆಕ್ಸಿಕೋದ ಜೀರುಂಡೆಯನ್ನು 1984ರಲ್ಲಿ ಬಿಟ್ಟಿದ್ದೂ ಬೆಂಗಳೂರಿನಲ್ಲೇ. ಮಳೆ ಬಿದ್ದ ಮೇಲೆ ಗಿಡದ ಎಲೆ ಮಗುಚಿ ನೋಡಿ: ಕೆನೆಬಣ್ಣದ ಬೆನ್ನು, ಅದರ ಮೇಲೆ ಕಂದು ಗೀರು. ಬೇಸಿಗೆಯಲ್ಲಿ ಮಣ್ಣೊಳಗೆ ಅಡಗಿ ಮಲಗುವ ಇದು, ಮುಂಗಾರು ಹಿಡಿದಾಗ ಮೇಲೆದ್ದು ಬರುತ್ತದೆ. ದಯವಿಟ್ಟು ಕೊಲ್ಲಬೇಡಿ.

ದಕ್ಷಿಣ ಆಫ್ರಿಕಾ 1995ರಲ್ಲಿ 2.5 ಕೋಟಿ ರ‍್ಯಾಂಡ್ ಅನುದಾನದಿಂದ ‘ವರ್ಕಿಂಗ್ ಫಾರ್ ವಾಟರ್’ ಆರಂಭಿಸಿತು. ಜಲಸಚಿವ ಕಾದರ್ ಅಸ್ಮಲ್ ಅದರ ಬೆನ್ನಿಗೆ ನಿಂತರು. ನದಿಮೂಲಗಳ ನೀರು ಹೀರುವ ಅಕೇಶಿಯಾ, ಪೈನ್ ಕಡಿಯುವ ಕೆಲಸವನ್ನು ಬಡವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ ಕೊಟ್ಟದ್ದು ಅದರ ದೊಡ್ಡತನ. ಕೇಪ್‌ಟೌನಿಗೆ ನೀರುಣಿಸುವ ಜಲಾನಯನದಲ್ಲಿ ಇಂಥ ಗಿಡಮರಗಳು ವರ್ಷಕ್ಕೆ ಕಬಳಿಸುವ ನೀರು ಸುಮಾರು 5,500 ಕೋಟಿ ಲೀಟರ್ ಎಂಬ ಅಂದಾಜಿದೆ. ಅಷ್ಟು ನೀರು ಆ ನಗರಕ್ಕೆ ಎರಡು ತಿಂಗಳಿಗೆ ಸಾಕು.

ನ್ಯೂಜಿಲೆಂಡ್ 2020ರ ಬಜೆಟ್ಟಿನಲ್ಲಿ ತಾನಾಗಿ ಹಬ್ಬುವ ಪೈನ್ ಜಾತಿಯ ಮರಗಳನ್ನು ತಡೆಯಲೆಂದೇ ನಾಲ್ಕು ವರ್ಷಕ್ಕೆ 10 ಕೋಟಿ ಡಾಲರ್ ಇಟ್ಟಿತು.

ಇನ್ನು ಲಂಟಾನ. ಅಂದದ ಹೂಗಿಡವೆಂದು 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದದ್ದು, ಇಂದು ಭಾರತದ ಹುಲಿ ನೆಲೆಗಳ ಶೇ. 40ಕ್ಕೂ ಹೆಚ್ಚು ಭಾಗದಲ್ಲಿದೆ ಎಂದು 2020ರ ಅಧ್ಯಯನ ಹೇಳಿತು. ಬಂಡೀಪುರ, ಬಿಳಿಗಿರಿರಂಗನ ಬೆಟ್ಟಕ್ಕೆ ಹೋದವರಿಗೆ ಇದನ್ನು ಬೇರೆ ಹೇಳಬೇಕಿಲ್ಲ. ಹುಲಿ ಯೋಜನೆಯಡಿ ಪ್ರತಿವರ್ಷ ನಡೆಯುವ ಕಾಮಗಾರಿಗಳಿಗೆ ನಮ್ಮಲ್ಲಿ ಕೇಂದ್ರ ಮತ್ತು ರಾಜ್ಯ ಅರ್ಧರ್ಧ ಹಣ ಹಾಕುತ್ತವೆ, ಆಸ್ತಿ ಸೃಷ್ಟಿಯಂಥ ಒಂದಾವರ್ತಿ ವೆಚ್ಚಕ್ಕೆ ಅನುಪಾತ 60:40.

ಆದರೆ ಲಂಟಾನವನ್ನು ನೆಲದ ಮೇಲಷ್ಟೇ ಸವರಿದರೆ ಹಣ ಮಣ್ಣುಪಾಲು. ಮಚ್ಚಿನೇಟು ಬಿದ್ದ ಬುಡದಿಂದ ಇನ್ನೂ ದಟ್ಟವಾಗಿ ಚಿಗುರುತ್ತದೆ. ಸರಿಯಾದ ಕ್ರಮವೇ ಬೇರೆ: ಬುಡದ ಮಣ್ಣು ಕೆದಕಿ, ಚಿಗುರೊಡೆಯುವ ಭಾಗದ ಕೆಳಗೆ ಬೇರನ್ನು ಕಡಿದು, ಗಿಡವನ್ನು ಎತ್ತಿ ಬುಡ ಮೇಲಾಗಿ ಒಣಗಿಸಬೇಕು. ಅಷ್ಟಾದರೂ ಮಣ್ಣಲ್ಲಿರುವ ಬೀಜ, ಹಕ್ಕಿಗಳು ತಂದುದುರಿಸುವ ಬೀಜ ಮುಂದಿನ ಮಳೆಗೇ ಮೊಳೆಯುತ್ತವೆ. ಒಂದು ವರ್ಷಕ್ಕೆ ಮಾತ್ರ ಅನುದಾನ ಕೊಟ್ಟು ಕೈತೊಳೆದುಕೊಳ್ಳುವ ಯೋಜನೆ ಯಾವ ದೇಶದ್ದಾದರೂ ಸೋಲುವುದು ಇಲ್ಲೇ.

ಆಗಸ್ಟ್ 16ರಿಂದ 22ರವರೆಗೆ ದೇಶದಲ್ಲಿ ಪಾರ್ಥೇನಿಯಂ ಜಾಗೃತಿ ಸಪ್ತಾಹ. ಕೈಗವಸು ತೊಟ್ಟು, ಹೂ ಬಿಡುವ ಮುನ್ನವೇ ಗಿಡ ಕೀಳಿ. ಮುಂದಿನ ಗ್ರಾಮಸಭೆಯಲ್ಲಿ ಕಳೆ ತೆಗೆಸುವ ಮಾತು ಬಂದರೆ, ಎರಡನೇ ಹಾಗೂ ಮೂರನೇ ವರ್ಷಕ್ಕೂ ಹಣ ಇಟ್ಟಿದ್ದೀರಾ ಎಂದು ಎದ್ದು ಕೇಳಿ.